ಎ.ಸಿ. ಫಿಲ್ಟರ್: ಬೆಲೆಗಿಂತ ಹೊಂದಾಣಿಕೆ ಮುಖ್ಯ

ಭತ್ತದ ಕೊಯ್ಲಿನ ಕಾಲದಲ್ಲಿ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಹೋಬಳಿಯಂತಹ ಕಡೆ ಹೊಟ್ಟಿನ ದೂಳು ಮನೆಯೊಳಕ್ಕೂ ನುಗ್ಗುತ್ತದೆ. ಆದಕಾರಣ ಎ.ಸಿ. ಕೊಳ್ಳುವವರು ದುಬಾರಿ ‘ಹೆಪಾ’ ಫಿಲ್ಟರಿಗೆ ಮನಸೋಲುವುದು ಸಹಜ. ಆದರೆ ಲಾಭ-ನಷ್ಟದ ಲೆಕ್ಕ ಬೇರೆಯೇ ಆಗಿದೆ.

0.3 ಮೈಕ್ರಾನ್ ಕಣಗಳಲ್ಲಿ ಶೇ. 99.97ರಷ್ಟನ್ನು ತಡೆಯುವ ಹೆಪಾ ಅತಿ ದಟ್ಟವಾದುದು. ಅದರ ಮೂಲಕ ಗಾಳಿ ಎಳೆಯುವ ಶಕ್ತಿ ಸಾಮಾನ್ಯ ಸ್ಪ್ಲಿಟ್ ಎ.ಸಿ.ಯ ಫ್ಯಾನಿಗಿರುವುದಿಲ್ಲ. ಹೊರಗಿನಿಂದ ತಂದು ಅಳವಡಿಸಿದರೆ ಗಾಳಿಯ ಹರಿವು ಕುಗ್ಗಿ, ತಂಪು ಕಡಿಮೆಯಾಗಿ, ವಿದ್ಯುತ್ ವೆಚ್ಚ ಏರುತ್ತದೆ.

ಯಂತ್ರದೊಡನೆ ಬರುವ ಜಾಲರಿಯನ್ನು ದೂಳಿನ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು, ನೆರಳಿನಲ್ಲಿ ಒಣಗಿಸುವುದೇ ಮಿತವ್ಯಯದ ಮಾರ್ಗ. ದೂಳು ಕಟ್ಟಿದ ಫಿಲ್ಟರನ್ನು ಬದಲಿಸಿದರೆ ಎ.ಸಿ.ಯ ವಿದ್ಯುತ್ ಬಳಕೆ ಶೇ. 5ರಿಂದ 15ರಷ್ಟು ಇಳಿಯಬಹುದೆಂದು ಅಮೆರಿಕದ ಇಂಧನ ಇಲಾಖೆ ತಿಳಿಸಿದೆ. ಜಾಲರಿಯು ಸೂಕ್ಷ್ಮ ಕಣಗಳನ್ನು ತಡೆಯದು. ಆಸ್ತಮಾ ಪೀಡಿತರಿರುವ ಮನೆಗೆ ಪ್ರತ್ಯೇಕ ಏರ್ ಪ್ಯೂರಿಫೈಯರ್ ಸೂಕ್ತ.

2025ರ ಸೆಪ್ಟೆಂಬರ್ 22ರಿಂದ ಎ.ಸಿ. ಮೇಲಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಆ ಉಳಿತಾಯವನ್ನು ಹೊಂದದ ಫಿಲ್ಟರಿಗೆ ಸುರಿಯುವುದು ವಿವೇಕವಲ್ಲ. ಮನೆಬಳಕೆಯ ಎ.ಸಿ.ಯನ್ನು ಅಂಗಡಿಯ ಲೆಕ್ಕಕ್ಕೆ ಸೇರಿಸಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಲು ಕಾನೂನಿನಲ್ಲಿ ಅವಕಾಶವೂ ಇಲ್ಲ. ಮಾರಾಟಗಾರರು ಈ ಸಂಗತಿಗಳನ್ನು ಗ್ರಾಹಕರಿಗೆ ಮೊದಲೇ ತಿಳಿಸುವುದು ವ್ಯಾಪಾರಧರ್ಮ. ಗಿರಾಕಿಯ ನಂಬಿಕೆ ಉಳಿಯುವುದೂ ಅದರಿಂದಲೇ.