ಸೊಳ್ಳೆಯ ಜೀನ್ ಡ್ರೈವ್: ನಿಷೇಧದ ವಾದ ನಿಲ್ಲದು

ಒಂದು ಗುಣವು ಸಂತತಿಯ ಅರ್ಧಕ್ಕಷ್ಟೇ ಅಲ್ಲದೆ ಬಹುಪಾಲು ಎಲ್ಲಕ್ಕೂ ದಾಟುವಂತೆ ಮಾಡುವ ಜೀನ್ ಡ್ರೈವ್ ತಂತ್ರವು ಆಫ್ರಿಕದ ಸೊಳ್ಳೆಗಳನ್ನು ಅಳಿಸಿ ಜೀವಜಾಲವೇ ಕುಸಿಯುವಂತೆ ಮಾಡುವುದರಿಂದ ಅದರ ಸಂಶೋಧನೆಯನ್ನೇ ನಿಷೇಧಿಸಬೇಕೆಂದು ಇತ್ತೀಚಿನ ಲೇಖನವೊಂದು ವಾದಿಸಿದೆ. ಆದರೆ ಸೊಳ್ಳೆಗಳಲ್ಲಿ 3,500ಕ್ಕೂ ಹೆಚ್ಚು ಪ್ರಭೇದಗಳಿದ್ದು, ತಂತ್ರದ ಗುರಿ ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಮತ್ತು ಅದರ ಕೆಲವು ಹತ್ತಿರದ ಬಂಧುಗಳು ಮಾತ್ರ. ಲೇಖನವು ಸಾಕ್ಷ್ಯವೆಂದು ಮುಂದಿಡುವ, ಬುರ್ಕಿನಾ ಫಾಸೊದಲ್ಲಿ 2019ರಲ್ಲಿ ಬಿಟ್ಟ ಸೊಳ್ಳೆಗಳು ಸಂತಾನಶಕ್ತಿಯಿಲ್ಲದ ಗಂಡುಗಳಾಗಿದ್ದು, ಅವುಗಳಲ್ಲಿ ಜೀನ್ ಡ್ರೈವ್ ಇರಲೇ ಇಲ್ಲ. ಲಿಂಗನಿರ್ಧಾರದ ಡಬಲ್‌ಸೆಕ್ಸ್ ವಂಶವಾಹಿಯನ್ನು ಜೀನ್ ಡ್ರೈವ್ ಮೂಲಕ ಕೆಡಿಸಿ ಸೊಳ್ಳೆಸಮೂಹವನ್ನು 7ರಿಂದ 11 ತಲೆಮಾರುಗಳಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಅಳಿಸಿದ್ದು 2018ರಲ್ಲಿ, ಅದೂ ಪಂಜರದೊಳಗೆ. ವರ್ಷಕ್ಕೆ ಸುಮಾರು 6 ಲಕ್ಷ ಜನರನ್ನು, ಅವರಲ್ಲಿ ಬಹುಪಾಲು ಆಫ್ರಿಕದ ಎಳೆಯ ಮಕ್ಕಳನ್ನು, ಕೊಲ್ಲುವ ರೋಗದ ಬಗ್ಗೆ ಲೇಖನ ತುಟಿ ಬಿಚ್ಚದಿರುವುದು ಅಕ್ಷಮ್ಯ. ಗಡಿಯರಿಯದ ಕೀಟಕ್ಕೆ ನೆರೆದೇಶಗಳ ಸಮ್ಮತಿಯೂ ಬೇಕೆಂಬ ಅದರ ಮಾತು ಸರಿಯೇ; ಆದರೆ ಆ ಷರತ್ತು ಅನ್ವಯಿಸುವುದು ಬಯಲಿಗೆ ಬಿಡುವುದಕ್ಕೆ, ಪ್ರಯೋಗಾಲಯದ ಅಧ್ಯಯನಕ್ಕಲ್ಲ.