ಮುಳ್ಳಿಲ್ಲದ ಪಾಪಾಸುಕಳ್ಳಿ: ಬದುವಿಗೆ ಸರಿ, ಎಕರೆಗಟ್ಟಲೆ ಬೇಡ

ಮುಳ್ಳಿಲ್ಲದ ಕಳ್ಳಿ ದನಕ್ಕೆ ಮೇವು ಅಂತ ವಾಟ್ಸಾಪಲ್ಲಿ ವಿಡಿಯೋಗಳು ಓಡಾಡ್ತಿವೆ. ಕೇಂದ್ರದ ಭೂ ಸಂಪನ್ಮೂಲ ಇಲಾಖೆಯೂ ಬರಡು ಜಮೀನಿಗೆ ಇದನ್ನ ಹಾಕಿ ಅಂತಿದೆ. ನನ್ನ ಅಭಿಪ್ರಾಯ ತಲೆಬರಹದಲ್ಲೇ ಇದೆ.

ಮೊದಲು ಗಿಡ ಗುರುತಿಸಿ. ನಮ್ಮ ಹಳೇ ಬೇಲಿಯ ಮುಂಡುಗಳ್ಳಿ, ಬೊಂತೆಗಳ್ಳಿ ಬೇರೆಯೇ ಕುಟುಂಬದವು. ಮುರಿದರೆ ಬಿಳೀ ಹಾಲು ಸುರಿಯುತ್ತೆ, ಅದು ಕಣ್ಣಿಗೆ ಬಿದ್ರೆ ದೃಷ್ಟಿಗೇ ಅಪಾಯ. ದನಕ್ಕೆ ಹಾಕೋ ಮಾತೇ ಇಲ್ಲ. ಪಾಪಾಸುಕಳ್ಳಿ ಮುರಿದರೆ ಹಾಲಲ್ಲ, ಲೋಳೆ. ಪಾಪಾಸು ಅಂದ್ರೆ ಚಪ್ಪಲಿ, ಆಕಾರವೂ ಹಾಗೇ. ನಾವು ಎಲೆ ಅಂದ್ಕೊಳ್ಳೋ ಆ ದಪ್ಪ ಹಾಳೆ ನಿಜಕ್ಕೂ ಕಾಂಡ. ಮುಳ್ಳೇ ಅದರ ಎಲೆ. ಮೇವಿಗೆ ಹೇಳೋದು ಇದೇ ಕುಲದ, ಮೆಕ್ಸಿಕೋ ಮೂಲದ ಇನ್ನೊಂದು ಜಾತಿ. ಕತ್ತರಿಸದೆ ಬಿಟ್ಟರೆ ಬುಡ ಮರದ ಹಾಗೆ ಗಟ್ಟಿಯಾಗಿ ಆಳೆತ್ತರ ಮೀರುತ್ತೆ. ಹಗಲಲ್ಲಿ ರಂಧ್ರ ಮುಚ್ಕೊಂಡು ರಾತ್ರಿ ತಂಪಿನಲ್ಲಿ ಗಾಳಿ ಎಳ್ಕೊಳ್ಳುತ್ತೆ, ಹಾಗಾಗಿ ಒಳಗಿನ ನೀರು ಆರಲ್ಲ. ಬೇರು ಮೇಲ್ಮೇಲೇ ಹರಡಿ ಸಣ್ಣ ಹನಿಯನ್ನೂ ಹೀರುತ್ತೆ. ನೀರು ನಿಲ್ಲೋ ಜಾಗದಲ್ಲಿ ಮಾತ್ರ ಕೊಳೆತು ಹೋಗುತ್ತೆ.

ಈಗ ಮೇವಿನ ಲೆಕ್ಕ. ನೂರು ಕೆ.ಜಿ. ಹಾಳೆಯಲ್ಲಿ ಸುಮಾರು 90 ಕೆ.ಜಿ. ನೀರೇ. ಹಸುವಿಗೆ 30 ಕೆ.ಜಿ. ಹಾಕಿದ್ರೂ ಒಣ ಮೇವಿನ ಲೆಕ್ಕಕ್ಕೆ ಬರೋದು ಮೂರೇ ಕೆ.ಜಿ. ಪ್ರೋಟೀನೂ ಕಡಿಮೆ. ಇದನ್ನೇ ತಿನ್ನಿಸಿದರೆ ಸಗಣಿ ನೀರಾಗುತ್ತೆ. ಕೊಚ್ಚಿ ರಾಗಿ ಹುಲ್ಲಿನ ಜೊತೆ ಕೊಡ್ಬೇಕು. ಏಪ್ರಿಲ್-ಮೇನಲ್ಲಿ ಹಸಿರೇ ಇಲ್ಲದಾಗ ಇದು ದೊಡ್ಡ ಆಸರೆ, ಒಪ್ತೀನಿ. ವೃಷಭಾವತಿಯ ಕೊಳಚೆ ನೀರಲ್ಲಿ ಬೆಳೆದ ಹುಲ್ಲಿಗಿಂತ ಇದೇ ವಾಸಿ ಅಂತಲೂ ಹೇಳ್ತೀನಿ. ಆದ್ರೆ ರಾಗಿ ಬೆಳೆಯೋ ಹೊಲ ಕೊಡೋವಷ್ಟು ಬೆಲೆ ಇದಕ್ಕಿಲ್ಲ.

ಯಾರೂ ಹೇಳದ ಇನ್ನೊಂದು ವಿಷಯ, ಹುಳ. ಕೆಂಪು ಬಣ್ಣ ತೆಗೆಯೋಕೆ ಅಂತ 1795ರಲ್ಲಿ ಬ್ರಿಟಿಷರು ಒಂದು ಹುಳ ತರಿಸಿದರು. ಬಂದದ್ದು ಬೇರೆ ಜಾತಿ. ಬಣ್ಣಕ್ಕೆ ಆಗಲಿಲ್ಲ, ಕಳ್ಳಿ ತಿಂದು ಹಾಕ್ತು. 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಜಾತಿ ತಂದು ಬಿಟ್ಟ ಮೇಲೆ ದಕ್ಷಿಣ ಭಾರತದಲ್ಲಿ ಪಾಪಾಸುಕಳ್ಳಿ ಕಾಟ ತಗ್ಗಿತು. ಆಗ ಅದು ರೈತನ ಮಿತ್ರ. ಅದೇ ಎರಡನೇ ಹುಳ 2014ರಿಂದ ಮೊರಾಕ್ಕೋದಲ್ಲಿ ಜನ ಹಣ್ಣಿಗೆ, ಬೇಲಿಗೆ ಬೆಳೆಸಿದ ಈ ಮೇವಿನ ಜಾತಿಯನ್ನೇ ತಿಂದು ಮಲಗಿಸಿದೆ. ಸಾಲ ಮಾಡಿ ಎರಡು ಎಕರೆ ಹಾಕಿದ ಮೇಲೆ ಇಲ್ಲೂ ಹತ್ತಿದರೆ ಯಾರನ್ನ ಕೇಳೋದು?

ಹಾಳೆ ತರುವಾಗ ಬಿಳೀ ಹತ್ತಿಯಂಥ ಉಂಡೆ ಇದೆಯಾ ನೋಡಿ. ಉಜ್ಜಿದರೆ ಬೆರಳು ರಕ್ತದ ಹಾಗೆ ಕೆಂಪಾಯ್ತಾ, ತರಲೇಬೇಡಿ. ಬೀಜದ ಸಸಿನೂ ಬೇಡ, ಮುಳ್ಳು ಬರಬಹುದು. ಹಾಳೆಯ ಗಾಯ ನೆರಳಲ್ಲಿ ಒಂದೆರಡು ವಾರ ಒಣಗಲಿ, ಆಮೇಲೆ ಬದುವಿನ ಎತ್ತರದ ಗರಸು ಜಾಗದಲ್ಲಿ ನೆಡಿ. ಮೊದಲ ವರ್ಷ ಇಪ್ಪತ್ತು ಹಾಳೆ ಸಾಕು.