ತಳದಲ್ಲಿ ಹೊಂಚು ಹಾಕುವ ಮೀನು, ದಂಡೆಯಲ್ಲಿ ಕಾಯುವ ಮನುಷ್ಯ

ಬೀದರ, ಭಾಲ್ಕಿ, ಔರಾದ ಕಡೆಯ ಮಕ್ಕಳಿಗೆ ಸಮುದ್ರದ ಉಬ್ಬರ ಇಳಿತವೆಂದರೆ ಭೂಗೋಳ ಪುಸ್ತಕದ ಒಂದು ಪಾಠ. ಪರೀಕ್ಷೆಗೆ ಬಾಯಿಪಾಠ ಮಾಡಿ, ಉತ್ತರ ಬರೆದು, ಮರುದಿನ ಮರೆತುಬಿಡುವ ವಿಷಯ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಯಾವ ದಿಕ್ಕಿಗೆ ಹೊರಟರೂ ಕಡಲು ನೂರಾರು ಕಿಲೋಮೀಟರ್ ದೂರ.

ಹಾಗಿದ್ದರೂ ಬೀದರಕ್ಕೂ ಕಡಲಿಗೂ ಒಂದು ಗಟ್ಟಿ ನಂಟಿದೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೀದರದ ನಂದಿನಗರದಲ್ಲಿ. 1969ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜು ಇಂದು ಈ ವಿಶ್ವವಿದ್ಯಾಲಯಕ್ಕೇ ಸೇರಿದೆ. ಕಡಲ ತೀರದಲ್ಲಿ ಮೀನಿನ ಶಾಸ್ತ್ರ ಓದಿದವರ ಪದವಿ ಪತ್ರದ ಮೇಲೆ ಬೀಳುವುದು ಬೀದರದ ಮೊಹರು! ಆದ್ದರಿಂದ ಕಡಲಂಚಿನ ಒಂದು ಮೀನನ್ನೂ ಮಂಜ್ರಾ ನದಿಯ ಒಂದು ಮೀನನ್ನೂ ಒಟ್ಟಿಗೆ ಪರಿಚಯ ಮಾಡಿಕೊಳ್ಳುವುದು ಈ ಜಿಲ್ಲೆಯ ವಿದ್ಯಾರ್ಥಿಗಳಿಗೆ ಒಪ್ಪುವ ಕೆಲಸವೇ.

ಮೊದಲನೆಯದು ಚಪ್ಪಟೆ ತಲೆಯ ಮೀನು. ವಿಜ್ಞಾನಿಗಳು ಇದನ್ನು ಪ್ಲಾಟಿಸೆಫಾಲಸ್ ಇಂಡಿಕಸ್ ಎನ್ನುತ್ತಾರೆ. ಮೇಲಿನಿಂದ ಯಾರೋ ಒತ್ತಿ ಹಿಡಿದಂತಹ ಅಗಲವಾದ ತಲೆ, ತಲೆಯ ಮೇಲೆಯೇ ಎರಡು ಕಣ್ಣು, ಮರಳಿನ ಬಣ್ಣದ ಮೈ. ಒಂದು ಮೀಟರ್‌ವರೆಗೂ ಬೆಳೆಯಬಲ್ಲ ಮೀನು ಇದು. ಆದರೆ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ಜಾತಿಯಲ್ಲ. ಮರಳಿನಲ್ಲಿ ಮೈ ಹೂತು, ಕಣ್ಣಷ್ಟನ್ನೇ ಹೊರಗಿಟ್ಟು ಮಲಗಿರುತ್ತದೆ. ಸೀಗಡಿಯೋ ಮರಿಮೀನೋ ಬಾಯಿಯ ಹತ್ತಿರ ಬಂದಾಗ ಒಮ್ಮೆಗೇ ಎದ್ದು ನುಂಗುತ್ತದೆ.

ಹಾಗಾದರೆ ಅದು ಎಲ್ಲಿ ಮಲಗುತ್ತದೆ? ಇದಕ್ಕೆ ಉತ್ತರ ಕೊಡುವವನು ಚಂದ್ರ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಇಂದು ಬೆಳಿಗ್ಗೆ 6 ಗಂಟೆಗೆ ನೀರು ತುಂಬಿ ನಿಂತರೆ ನಾಳೆ 6 ಗಂಟೆ 50 ನಿಮಿಷದ ಸುಮಾರಿಗೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಈ ಲೆಕ್ಕವನ್ನು ನಂಬಿಯೇ ಜನ ಬದುಕಿದ್ದಾರೆ. ಅಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ, ಸೀಗಡಿಯನ್ನೂ ಹಿಡಿಯುತ್ತಾರೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಜೌಗುಪ್ರದೇಶವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ಉಬ್ಬರದಲ್ಲಿ ನೀರು ಏರಿದಾಗ ಮರಿಮೀನು, ಸೀಗಡಿಗಳು ಕೆಸರು ಬಯಲಿನ ಮೇಲೆ ಹರಡಿಕೊಳ್ಳುತ್ತವೆ. ಇಳಿತ ಶುರುವಾದರೆ ಅಲ್ಲಿ ನಿಲ್ಲುವಂತಿಲ್ಲ. ಸಣ್ಣ ಸಣ್ಣ ಕಾಲುವೆಗಳ ಮೂಲಕ ಆಳದ ಕಡೆಗೆ ಇಳಿಯಲೇಬೇಕು. ಸಣ್ಣ ಕಾಲುವೆ ದೊಡ್ಡ ಕಾಲುವೆಯನ್ನು ಕೂಡುವ ಬಾಯಿಯಲ್ಲಿ, ತಿಳಿನೀರು ಆಳದ ನೀರಾಗುವ ಅಂಚಿನಲ್ಲಿ, ಹರಿವಿಗೆ ಮುಖ ಮಾಡಿ ಚಪ್ಪಟೆ ತಲೆಯ ಮೀನು ಕಾದಿರುತ್ತದೆ. ಸಂತೆ ಮುಗಿಸಿ ಊರಿಗೆ ಹೊರಟವರನ್ನು ಬಸ್ ನಿಲ್ದಾಣದ ಬಾಗಿಲಲ್ಲಿ ಕಾಯುವ ಹಾಗೆ.

ಇದನ್ನು ಅರಿತವನು ದಂಡೆಯ ಮೇಲೆ ನಿಂತೇ ದೊಡ್ಡ ಮೀನು ಹಿಡಿಯಬಲ್ಲ, ದೋಣಿಯ ಹಂಗಿಲ್ಲ. ಇಳಿತದ ಹೊತ್ತಿಗೆ ಹೋಗಿ, ಹರಿವಿನ ಮೇಲುಭಾಗಕ್ಕೆ ಗಾಳ ಎಸೆದು, ಸೀಸದ ಗುಂಡು ತಳ ಮುಟ್ಟುವವರೆಗೆ ಬಿಟ್ಟು, ಮೆಲ್ಲಗೆ ಎಳೆಯುತ್ತ ನಿಲ್ಲಿಸುತ್ತ ತರುತ್ತಾನೆ. ತಳ ಬಿಟ್ಟು ಮೇಲೆ ತೇಲುವ ಎರೆಯನ್ನು ಈ ಮೀನು ಬಹುಮಟ್ಟಿಗೆ ಗಮನಿಸುವುದಿಲ್ಲ. ಒಂದೇ ಕಡೆ ಹತ್ತು ಸಲ ಎಸೆಯುವುದಕ್ಕಿಂತ ಎರಡು ಹೆಜ್ಜೆ ಸರಿದು ಎಸೆಯುವುದು ಲೇಸು. ಮೀನು ಓಡಾಡುವುದಿಲ್ಲವಾದ್ದರಿಂದ ಓಡಾಡಬೇಕಾದವನು ಮನುಷ್ಯ. ಸಿಕ್ಕ ಮೇಲೂ ಎಚ್ಚರ ಬೇಕು. ಕೆನ್ನೆಯ ಎರಡೂ ಬದಿಗೆ ಚೂಪಾದ ಮುಳ್ಳುಗಳಿವೆ. ಬರಿಗೈಯಲ್ಲಿ ಹಿಡಿದರೆ ರಕ್ತ ಬರುವುದು ಖಂಡಿತ.

ಇನ್ನು ಬೀದರಕ್ಕೆ ಬರೋಣ. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಸಾಲಿನಲ್ಲಿ ಹುಟ್ಟುವ ಮಂಜ್ರಾ ಈ ಜಿಲ್ಲೆಯನ್ನು ಹಾದು ಮುಂದೆ ಗೋದಾವರಿಯನ್ನು ಸೇರುತ್ತದೆ. ಅದರ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಅಣೆಕಟ್ಟು ಕಟ್ಟಲಾಗಿದೆ. ಇಲ್ಲಿ ಕಣ್ಣಿಗೆ ಕಾಣುವಂತಹ ಉಬ್ಬರ ಇಳಿತವಿಲ್ಲ. ಚಂದ್ರನ ಸೆಳೆತಕ್ಕೆ ನೀರು ಹಾಗೆ ಏರಿಳಿಯಬೇಕಾದರೆ ಸಾಗರದಷ್ಟು ವಿಸ್ತಾರ ಬೇಕು. ಇಲ್ಲಿ ನೀರನ್ನು ಏರಿಸಿ ಇಳಿಸುವುದು ಮಳೆ, ಬಿಸಿಲು ಮತ್ತು ಕಾಲುವೆಯ ಬಾಗಿಲು. ಆದರೆ ಹೊಂಚು ಹಾಕುವ ಮೀನು ಇಲ್ಲೂ ಉಂಟು. ಕನ್ನಡದಲ್ಲಿ ಕೊರವ, ಮರಾಠಿಯಲ್ಲಿ ಮರಳ, ತೆಲುಗಿನಲ್ಲಿ ಕೊರ್ರಮೀನು. ಮೂರು ಭಾಷೆ ಕೂಡುವ ಈ ಗಡಿನಾಡಿಗೆ ತಕ್ಕಂತೆ ಮೀನಿಗೂ ಮೂರು ಹೆಸರು. ನೆರೆಯ ತೆಲಂಗಾಣ 2016ರಲ್ಲಿ ಇದನ್ನೇ ತನ್ನ ರಾಜ್ಯ ಮೀನೆಂದು ಸಾರಿತು.

ಕೊರವದ ತಲೆ ಹಾವಿನ ತಲೆಯನ್ನು ಹೋಲುತ್ತದೆ. ಅದು ಅಡಗುವುದು ಮರಳಿನಲ್ಲಲ್ಲ, ದಂಡೆಯ ಜೊಂಡು ಮತ್ತು ಕಳೆಗಳ ನೆರಳಿನಲ್ಲಿ. ಕಪ್ಪೆ, ಸಣ್ಣ ಮೀನುಗಳು ಆ ದಾರಿಯಲ್ಲಿ ಬಂದಾಗ ಎರಗುತ್ತದೆ. ಕಿವಿರಿನ ಜೊತೆಗೆ ಗಾಳಿಯನ್ನು ಉಸಿರಾಡುವ ಅಂಗವೂ ಇರುವುದರಿಂದ ಆಗಾಗ ನೀರಿನ ಮೇಲೆ ಬಂದು ಗಾಳಿ ಎಳೆದುಕೊಳ್ಳುತ್ತದೆ. ದಂಡೆಯಲ್ಲಿ ಸದ್ದಿಲ್ಲದೆ ಕುಳಿತವನಿಗೆ ಆ ಒಂದು ಸುಳಿಯೇ ವಿಳಾಸ. ಬೇಸಿಗೆಯಲ್ಲಿ ನೀರು ಬತ್ತಿ ಗುಂಡಿಗಳಷ್ಟೇ ಉಳಿದಾಗ ಬೇರೆ ಮೀನುಗಳು ಉಸಿರುಗಟ್ಟಿ ಸಾಯುತ್ತವೆ, ಕೊರವ ಕೆಸರಿನಲ್ಲೂ ಕೆಲಕಾಲ ಜೀವ ಹಿಡಿದಿರುತ್ತದೆ. ಮಂಜ್ರಾ ಬಯಲಿನ ಬರ ಎಂಥದೆಂದು ಎಲ್ಲರಿಗೂ ಗೊತ್ತು. 2016ರ ಬೇಸಿಗೆಯಲ್ಲಿ ನೆರೆಯ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಅಂಥ ನೆಲದಲ್ಲಿ ಬಾಳಲು ಕಲಿತ ಮೀನು ಇದು.

ಈಗ ಮುಖ್ಯ ಪ್ರಶ್ನೆ. ದೊಡ್ಡ ಮೀನು ಸಿಕ್ಕಿತು, ಇಟ್ಟುಕೊಳ್ಳಬೇಕೋ ಬಿಡಬೇಕೋ? ದೊಡ್ಡದು ಸಿಕ್ಕಷ್ಟೂ ಹೆಮ್ಮೆ ಹೆಚ್ಚು ಎಂಬುದು ಲೋಕರೂಢಿ. ಜೀವಶಾಸ್ತ್ರ ಬೇರೆ ಮಾತು ಹೇಳುತ್ತದೆ. ನಮ್ಮ ಚಪ್ಪಟೆ ತಲೆಯ ಮೀನಿಗೆ ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಒಂದು ದೊಡ್ಡ ದಾಯಾದಿ ಇದೆ. ಆ ಜಾತಿಯಲ್ಲಿ ತೀರಾ ದೊಡ್ಡವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ದೊಡ್ಡ ಹೆಣ್ಣಿನ ಹೊಟ್ಟೆಯಲ್ಲಿ ಸಣ್ಣದರದಕ್ಕಿಂತ ಎಷ್ಟೋ ಪಟ್ಟು ಮೊಟ್ಟೆ. ಅದಕ್ಕೇ ಅಲ್ಲಿನ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 40 ಸೆಂಟಿಮೀಟರಿಗಿಂತ ಚಿಕ್ಕದನ್ನೂ 75 ಸೆಂಟಿಮೀಟರಿಗಿಂತ ದೊಡ್ಡದನ್ನೂ ನೀರಿಗೆ ಮರಳಿ ಬಿಡಬೇಕೆಂಬ ನಿಯಮ ಮಾಡಿದ್ದಾರೆ. ಮರಿಗೆ ಬೆಳೆಯಲು ಅವಕಾಶ, ತಾಯಿಗೆ ಮೊಟ್ಟೆಯಿಡಲು ಅವಕಾಶ, ನಡುವಿನದು ಮನುಷ್ಯನ ಪಾಲು.

ಕೊರವದ ಕಥೆ ಇನ್ನೂ ಸೂಕ್ಷ್ಮ. ಬಹುಪಾಲು ಮೀನುಗಳು ಮೊಟ್ಟೆಯಿಟ್ಟು ತಮ್ಮ ದಾರಿ ಹಿಡಿಯುತ್ತವೆ. ಕೊರವ ಹಾಗಲ್ಲ. ಮಳೆಗಾಲದಲ್ಲಿ ಕಳೆಯ ನಡುವೆ ಜಾಗ ಮಾಡಿಕೊಂಡು ಮೊಟ್ಟೆಯಿಟ್ಟು ಕಾವಲು ನಿಲ್ಲುತ್ತದೆ. ಮರಿಗಳು ಹೊರಬಂದು ಕೆಂಪು ಮೋಡದ ಹಾಗೆ ಗುಂಪಾಗಿ ತೇಲುವಾಗಲೂ ಹಿರಿಯ ಮೀನು ಕೆಳಗೆ ಜೊತೆಯಾಗಿಯೇ ಸಾಗುತ್ತದೆ. ಹತ್ತಿರ ಬಂದದ್ದರ ಮೇಲೆಲ್ಲ ಎರಗುವುದರಿಂದ ಆಗ ಅದನ್ನು ಗಾಳಕ್ಕೆ ಸಿಕ್ಕಿಸುವುದು ಬಲು ಸುಲಭ. ಆದರೆ ಆ ಒಂದು ಮೀನನ್ನು ಎತ್ತಿದರೆ ಇಡೀ ಸಂಸಾರ ಅನಾಥ. ಸ್ವಲ್ಪ ಹೊತ್ತಿನಲ್ಲಿ ಬೇರೆ ಮೀನುಗಳು ಮರಿಗಳನ್ನು ಮುಗಿಸಿಬಿಡುತ್ತವೆ. ಸುಲಭವಾಗಿ ಸಿಗುವುದೆಲ್ಲ ನಮ್ಮ ಪಾಲಿನದೇ ಎಂದುಕೊಳ್ಳುವುದು ಸರಿಯಲ್ಲ.

ಇದು ಬರೀ ದಯೆಯ ಮಾತಲ್ಲ, ಅನ್ನದ ಮಾತೂ ಹೌದು. ಕಟ್ಲಾ, ರೋಹು, ಮೃಗಾಲ ಮರಿಗಳನ್ನು ಮೀನುಗಾರಿಕೆ ಇಲಾಖೆ ಕೆರೆ ಜಲಾಶಯಗಳಿಗೆ ಬಿಡುತ್ತದೆ. ಕೊರವದಂಥ ಮೀನು ಮಾತ್ರ ಬಹುಮಟ್ಟಿಗೆ ತನ್ನ ಸಂತತಿಯನ್ನು ತಾನೇ ಉಳಿಸಿಕೊಳ್ಳಬೇಕು. ಅದು ಕಡಿಮೆಯಾದರೆ ಮೊದಲು ಖಾಲಿಯಾಗುವುದು ದಿನದ ಮೀನು ಮಾರಿ ಮನೆ ನಡೆಸುವವರ ಬುಟ್ಟಿ. ಮೀನು ಹಿಡಿಯುವ ಮುನ್ನ ಇಲಾಖೆಯ ಪರವಾನಗಿ, ಕೆರೆಯಾದರೆ ಗುತ್ತಿಗೆದಾರರ ಒಪ್ಪಿಗೆ ಪಡೆಯಬೇಕೆಂಬುದನ್ನೂ ಮರೆಯಬಾರದು.

ತಂದೆತಾಯಿಗಳಿಗೆ ಒಂದು ಮಾತು. ನೀರಿನ ಭಯದಿಂದ ಮಕ್ಕಳನ್ನು ದಂಡೆಗೇ ಕಳಿಸದಿರುವುದೂ, ಅವರ ಪಾಡಿಗೆ ಬಿಟ್ಟುಬಿಡುವುದೂ ಎರಡೂ ಸರಿಯಲ್ಲ. ಜಲಾಶಯದ ಅಂಚಿನ ಕಪ್ಪುಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಕುಸಿಯುತ್ತದೆ. ಅಳಿವೆಯಲ್ಲಿ ಇಳಿತ ನೋಡಿ ಮರಳ ದಿಬ್ಬಕ್ಕೆ ನಡೆದು ಹೋದವರನ್ನು ಮರಳಿ ಏರುವ ನೀರು ಸುತ್ತುವರಿಯುತ್ತದೆ. ಈಜು ಬಲ್ಲ ಹಿರಿಯರೊಬ್ಬರು ಜೊತೆಗಿರಲೇಬೇಕು.

ವಿದ್ಯಾರ್ಥಿಗಳು ಗಾಳ ಹಿಡಿಯಲೇಬೇಕೆಂದೇನೂ ಇಲ್ಲ. ಹಿರಿಯರೊಡನೆ ವಾರಕ್ಕೊಮ್ಮೆ ಊರ ಕೆರೆಯ ದಂಡೆಗೆ ಹೋಗಿ, ನೀರು ಎಷ್ಟು ಇಳಿದಿದೆ, ಸುಳಿ ಎಲ್ಲಿ ಎದ್ದಿತು, ಕೆಂಪು ಮರಿಗಳ ಗುಂಪು ಯಾವ ತಿಂಗಳಲ್ಲಿ ಕಂಡಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಆ ಪುಟಗಳಲ್ಲಿ ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ತಮ್ಮೂರ ಕೆರೆಯ ಪಾಠ ಇರುತ್ತದೆ. ಮುಂದೆ ಅವರಲ್ಲಿ ಒಬ್ಬರು ಮೀನುಗಾರಿಕೆ ವಿಜ್ಞಾನದ ನಾಲ್ಕು ವರ್ಷದ ಪದವಿಗೆ ಮಂಗಳೂರಿಗೆ ಹೋದರೆ, ಅಳಿವೆಯ ದಂಡೆಯಲ್ಲಿ ನಿಂತಾಗ ಏನನ್ನು ನೋಡಬೇಕೆಂಬುದು ಅವರಿಗೆ ಆಗಲೇ ಗೊತ್ತಿರುತ್ತದೆ.